ಮಾವನ ಹತ್ತೊಂಬತ್ತನೆಯ ಬಂದೂಕು

ನಮ್ಮ ಮನೆಯಲ್ಲಿ ಹತ್ತೊಂಬತ್ತು ಬಂದೂಕುಗಳಿವೆ. ಅವುಗಳಲ್ಲಿ ಹದಿನೆಂಟು ಖಾಲಿ. ಉಳಿದ ಒಂದರ ಒಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ಹೋಗುವುದೇ ಅಸಭ್ಯ ಎಂದು ನಮ್ಮ ಮಾವನ ಅಭಿಪ್ರಾಯ. ತರಕಾರಿ ಹೆಚ್ಚುವಾಗ, ಮಗಳ ಜಡೆ ಹೆಣೆಯುವಾಗ, ಆಫೀಸಿನ ಬಸ್ಸಿಗೆ ಕಾಯುವಾಗ ನನ್ನ ತಲೆಯೊಳಗೆ ಇದೊಂದೇ ಲೆಕ್ಕ ಓಡುತ್ತಿರುತ್ತದೆ. ಹತ್ತೊಂಬತ್ತರಲ್ಲಿ ಹದಿನೆಂಟು ಕಳೆದರೆ ಒಂದು. ಆ ಒಂದು ಇರುವ ಜಾಗ ನನ್ನ ಮಗಳ ಮಂಚದಿಂದ ಹನ್ನೊಂದು ಹೆಜ್ಜೆ ದೂರ. ನಡೆದು ಅಳೆದಿದ್ದೇನೆ. ನನ್ನ ಹೆಜ್ಜೆಯಲ್ಲಿ ಹನ್ನೊಂದು, ಅವಳದ್ದರಲ್ಲಿ ಇಪ್ಪತ್ತೆರಡು.

ಬಂದೂಕುಗಳ ಮನೆ ಎಂದೊಡನೆ ನೀವು ಹುರಿ ಮೀಸೆಯ, ಗುಡುಗಿನ ದನಿಯ ಮಾವನನ್ನು ಕಲ್ಪಿಸಿಕೊಂಡಿದ್ದರೆ ದಯವಿಟ್ಟು ಅಳಿಸಿಬಿಡಿ. ನಮ್ಮ ಮಾವ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಸೈನ್ಯದ ಹತ್ತಿರಕ್ಕೂ ಹೋದವರಲ್ಲ, ಬೇಟೆಯ ಮಾತಂತೂ ದೂರವೇ ಉಳಿಯಿತು; ಬಚ್ಚಲಲ್ಲಿ ಜಿರಳೆ ಬಂದರೆ ಅತ್ತೆಯನ್ನು ಕರೆಯುತ್ತಾರೆ. ಮೂವತ್ತಾರು ವರ್ಷ ಅವರು ಮಾಡಿದ್ದು ಕನ್ನಡಕದ ಅಂಗಡಿ. ಗಾಜು ಉಜ್ಜಿ, ಅಂಚು ಕೊರೆದು, ಚೌಕಟ್ಟಿಗೆ ಕೂಡಿಸಿ, ಗಿರಾಕಿಯ ಮೂಗಿನ ಮೇಲೆ ಇಟ್ಟು, ಗೋಡೆಯ ಫಲಕ ತೋರಿಸಿ, "ಕೆಳಗಿನ ಸಾಲು ಓದಿ" ಎನ್ನುವುದು. ಊರಿನ ಅರ್ಧ ಜನ ಪ್ರಪಂಚವನ್ನು ನೆಟ್ಟಗೆ ನೋಡುತ್ತಿರುವುದು ಅವರ ದಯೆಯಿಂದ. ಸ್ವತಃ ಅವರಿಗೆ ಭೂತಗನ್ನಡಿಯಡಿ ಬಂದ ಕೂದಲೆಳೆಯಷ್ಟು ಸಣ್ಣದ್ದೂ ಕಾಣುತ್ತದೆ, ಎದುರಿಗೆ ನಿಂತ ದೊಡ್ಡದ್ದು ಮಾತ್ರ ಕಾಣುವುದಿಲ್ಲ.

ಈ ಹುಚ್ಚು ಹಿಡಿದದ್ದು ಅಂಗಡಿಯಲ್ಲೇ. ಕನ್ನಡಕ ಮಾಡಿಸಲು ಬಂದ ಒಬ್ಬ ಮುದುಕಿ, ತನ್ನ ಬಾಗಿಲ ಹಿಂದೆ ಒಂದು ಹಳೆಯ ಬಂದೂಕು ಜಾಗ ತಿನ್ನುತ್ತಿದೆ, ಅದಕ್ಕೆ ಕೊಡೆ ನೇತುಹಾಕಿ ಸಾಕಾಗಿದೆ, ಬೇಕಾದರೆ ತೆಗೆದುಕೊಂಡು ಹೋಗಿ ಎಂದಳಂತೆ. ಮಾವ ಸುಮ್ಮನೆ ನೋಡಲು ಹೋದರು. ಭೂತಗನ್ನಡಿಯನ್ನು ಕಣ್ಣಿಗೆ ಏರಿಸಿಕೊಂಡು ಅದರ ಕುದುರೆಯ, ಅಂದರೆ ಗುಂಡು ಹಾರಿಸುವ ಸುತ್ತಿಗೆಯಂಥ ಕೀಲಿನ, ಪಕ್ಕದ ಲೋಹದ ಪಟ್ಟಿಯನ್ನು ನೋಡಿದರು. ಅಲ್ಲಿ ಎಳ್ಳುಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ನೂರೈವತ್ತು ವರ್ಷದ ಹಿಂದೆ ಅದನ್ನು ಮಾಡಿದ ಕಮ್ಮಾರನ ಗುರುತು ಕೆತ್ತಿತ್ತು. "ಅಲ್ಲಿಗೆ ಈ ಮನುಷ್ಯ ನನ್ನ ಕೈ ಬಿಟ್ಟ," ಎನ್ನುತ್ತಾರೆ ಅತ್ತೆ. ಅವರ ಪಾಲಿಗೆ ಇವು ಹತ್ತೊಂಬತ್ತು ಬಂದೂಕುಗಳಲ್ಲ, ಹತ್ತೊಂಬತ್ತು ಸವತಿಯರು. ಧೂಳು ಹೊಡೆಯುವ ದಿನ ಬಂದರೆ, "ಹೋಗಿ, ನಿಮ್ಮ ಹಿರೀಹೆಂಡ್ತಿಗೆ ಸ್ನಾನ ಮಾಡಿಸ್ಬೇಕಂತೆ," ಎಂದು ಮಾವನನ್ನು ಊಟದಿಂದ ಎಬ್ಬಿಸುತ್ತಾರೆ.

ಸ್ನಾನ ಎಂದದ್ದು ಅತ್ತೆಯ ಕೊಂಕು. ಮಾವನ ಲೋಕದಲ್ಲಿ ಸ್ನಾನವೇ ಮಹಾಪಾಪ. ಬಂದೂಕನ್ನು ಉಜ್ಜಬಾರದು, ಹೊಳೆಯಿಸಬಾರದು, ಬರಿಗೈಯಲ್ಲಿ ಮುಟ್ಟಬಾರದು. ಬಿಳಿ ಹತ್ತಿಯ ಕೈಗವಸು ತೊಟ್ಟು, ಕನ್ನಡಕದ ಗಾಜು ಒರೆಸುವ ಮೆತ್ತನೆ ಬಟ್ಟೆಗೆ ಒಂದೇ ಹನಿ ಎಣ್ಣೆ ಸೋಕಿಸಿ, ಮಗುವಿನ ಕೆನ್ನೆ ಸವರಿದಂತೆ ಸವರಬೇಕು. ನಳಿಗೆಯ ಮೇಲೆ ವರ್ಷಗಳಿಂದ ಕಟ್ಟಿಕೊಂಡ ಕಂದು ಬಣ್ಣವೇ ಅದರ ಆಯುಸ್ಸು. ಅದನ್ನು ತೆಗೆದರೆ ಬಂದೂಕು ಸತ್ತಂತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ-ಮಾವನ ಮೆಚ್ಚುಗೆ ಗಳಿಸಲೆಂದು ಒಂದನ್ನು ಸೋಪುನೀರಿನಿಂದ ಒರೆಸಲು ಹೊರಟಿದ್ದೆ. ಮಾವ ಬಾಗಿಲಲ್ಲಿ ನಿಂತು ನೋಡಿದ ನೋಟ ಇನ್ನೂ ನೆನಪಿದೆ. ನನ್ನ ಕೈಯಲ್ಲಿ ಒದ್ದೆ ಬಟ್ಟೆಯ ಬದಲು ಮಚ್ಚು ಇದ್ದಿದ್ದರೂ ಅವರು ಅಷ್ಟು ಹೆದರುತ್ತಿರಲಿಲ್ಲ.

ಬಂದೂಕುಗಳಿರುವುದು ಮನೆಯ ಅತ್ಯುತ್ತಮ ಕೋಣೆಯಲ್ಲಿ. ಗಾಳಿ, ಬೆಳಕು ಎರಡೂ ಧಾರಾಳವಾಗಿ ಬರುತ್ತಿದ್ದ ಕೋಣೆ; ಮರಕ್ಕೆ ಬಿಸಿಲು ಆಗದು ಎಂದು ಕಿಟಕಿಗೆ ದಪ್ಪ ಪರದೆ ಎಳೆದು ಕತ್ತಲು ಮಾಡಿದ್ದಾರೆ. ಗೋಡೆಯಲ್ಲಿ ಗಾಳಿಯ ತೇವ ತೋರಿಸುವ ಗಡಿಯಾರದಂಥ ಯಂತ್ರ. ಬಾಗಿಲ ಹಿಂದೆ ಸರಕಾರದ ಕಾಗದಗಳು, ಒಂದೊಂದು ಬಂದೂಕಿಗೂ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ. ನನ್ನ ಮಗಳ ಜನನ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಿದರೆ ಈ ಮನೆಯಲ್ಲಿ ಯಾರೂ ಹೇಳಲಾರರು. ಅವಳು ಹುಟ್ಟಿ ಎರಡು ತಿಂಗಳಿಗೆ ನೆಗಡಿಯಾಗಿ ಉಸಿರು ಕಟ್ಟಿದಾಗ ನಾನು ಅಳುತ್ತಾ ಕೂತಿದ್ದೆ. ಮಾವ ಗಾಬರಿಯಿಂದ ಓಡಿ ಹೋದರು. ಡಾಕ್ಟರಿಗೆ ಫೋನ್ ಮಾಡಲು ಇರಬಹುದು ಎಂದುಕೊಂಡೆ. ಆ ಯಂತ್ರ ಹಿಡಿದು ಬಂದು, ತೊಟ್ಟಿಲ ಪಕ್ಕದಲ್ಲಿಟ್ಟು, ಮುಳ್ಳು ನಿಲ್ಲುವವರೆಗೆ ಕಾದು, "ಅರವತ್ತು ದಾಟಿದೆ ಕಣಮ್ಮ. ಇಷ್ಟು ತೇವ ಮರಕ್ಕೇ ಆಗಲ್ಲ, ಮಗೂಗೆ ಹೇಗೆ ಆಗುತ್ತೆ," ಎಂದರು. ಅವರ ಮಟ್ಟಿಗೆ ಅದು ಪ್ರೀತಿಯ ಪರಾಕಾಷ್ಠೆ ಎಂದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಆ ಮಗುವಿಗೆ ಈಗ ಐದು ತುಂಬುತ್ತಿದೆ. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತೇವೆ. ಮಾವನ ಮಾತನ್ನು ಕೊನೆಯವರೆಗೆ ಕೇಳುವ ಜೀವ ಈ ಭೂಮಿಯ ಮೇಲೆ ಅವಳೊಬ್ಬಳೇ. ಬೇರೆ ಮಕ್ಕಳು ಹಣ್ಣಿನ ಹೆಸರು ಕಲಿಯುವ ವಯಸ್ಸಿಗೆ ಇವಳು ನಳಿಗೆ, ಹಿಡಿ, ಕುದುರೆ, ಕೇಪು ಕಲಿತಳು. "ನಮ್ಮನೇಲಿ ಹತ್ತೊಂಬತ್ತು ಕುದುರೆ ಇದೆ, ತಾತ ದಿನಾ ಎಣ್ಣೆ ಹಚ್ತಾರೆ," ಎಂದು ಶಾಲೆಯಲ್ಲಿ ಹೇಳಿದ್ದಾಳೆ. ಟೀಚರ್ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ, ಬಹಳ ಗೌರವದಿಂದ, ನಿಮ್ಮ ಮನೆ ಎಷ್ಟು ಎಕರೆ ಎಂದು ವಿಚಾರಿಸಿದರು.

ಮಾವನಿಗೆ ಒಂದು ಸಂಘವೂ ಇದೆ. ಪುರಾತನ ಸೈನಿಕ ಬಂದೂಕುಗಳ ಸಂರಕ್ಷಣಾ ಸಂಘ. ಒಟ್ಟು ಮೂವರು: ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ. ಬರೀ ಸದಸ್ಯ ಎಂಬ ನರಪಿಳ್ಳೆ ಇಲ್ಲ. ಮಾವ ಅಧ್ಯಕ್ಷರು. ಕಾರ್ಯದರ್ಶಿ ಮೂರು ಬೀದಿ ಆಚೆಯ ಹಲ್ಲಿನ ಡಾಕ್ಟರು. ಅವರೂ ಅಧ್ಯಕ್ಷರಾಗಬಹುದಿತ್ತು, ಆದರೆ ಹನ್ನೊಂದು ವರ್ಷದ ಹಿಂದೆ ಒಂದು ದುರ್ಬಲ ಘಳಿಗೆಯಲ್ಲಿ, ಹಲ್ಲಿಗೆ ಹಾಕುವ ಪಾಲಿಶ್ ಪುಡಿಯಿಂದ ಒಂದು ನಳಿಗೆಯನ್ನು ಕನ್ನಡಿಯಂತೆ ಬೆಳಗಿಬಿಟ್ಟರು. ಕೊಲೆಗೆ ಹದಿನಾಲ್ಕು ವರ್ಷ ಸಾಕಂತೆ, ಈ ಸಂಘದಲ್ಲಿ ಪಾಲಿಶಿಗೆ ಕ್ಷಮೆಯೇ ಇಲ್ಲ. ಖಜಾಂಚಿ ಬಡಗಿ. ಮುರಿದ ಹಿಡಿಗಳಿಗೆ ಅದೇ ಜಾತಿಯ, ಅದೇ ವಯಸ್ಸಿನ ಮರ ಹುಡುಕಿ ತೇಪೆ ಹಾಕುವವನು. ಮಾತು ಕಡಿಮೆ. ಹೆಚ್ಚು ಮಾತಾಡುವ ಇಬ್ಬರ ನಡುವೆ ಕೂತು ಅವನಿಗೆ ಅಭ್ಯಾಸವೇ ತಪ್ಪಿಹೋಗಿದೆ.

ನನ್ನ ನೆಮ್ಮದಿ ಹಾಳಾದದ್ದು ಎರಡು ತಿಂಗಳ ಹಿಂದಿನ ಒಂದು ಭಾನುವಾರದ ಸಭೆಯಲ್ಲಿ. ನಾನು ಚಹಾ ತಂದಿಟ್ಟಾಗ ಡಾಕ್ಟರು ಯಾವುದೋ ಊರಿನ ಸಂಗ್ರಾಹಕನ ಸುದ್ದಿ ಹೇಳುತ್ತಿದ್ದರು. ಅವನ ಮನೆಯ ಗೋಡೆಯಲ್ಲಿ ಅಜ್ಜನ ಕಾಲದಿಂದ ತೂಗುತ್ತಿದ್ದ ಬಂದೂಕೊಂದನ್ನು ರಿಪೇರಿಗೆಂದು ಇಳಿಸಿ ಕುದುರೆಯ ಬುಡಕ್ಕೆ ಕಾದ ಕಬ್ಬಿಣ ಮುಟ್ಟಿಸಿದ್ದಾರೆ. ಒಳಗೆ ಯಾರೋ ಪುಣ್ಯಾತ್ಮ ನೂರಾರು ವರ್ಷದ ಹಿಂದೆ ತುಂಬಿಟ್ಟ ಮದ್ದು, ಗುಂಡು ಹಾಗೇ ಇತ್ತು. ಹಾರಿತು.

"ಯಾರಿಗಾದ್ರೂ ಏನಾದ್ರೂ ಆಯ್ತಾ?" ಮಾವ ಕೇಳಿದರು.

"ಬೀರುಗೆ ಆಯ್ತು," ಎಂದರು ಡಾಕ್ಟರು. "ಹೆಂಡ್ತಿ ತವರಿಂದ ತಂದ ಬೀರು."

"ಹಂಗಾದ್ರೆ ಗುರಿ ಚೆನ್ನಾಗಿತ್ತು ಅನ್ನಿ."

ಮೂವರೂ ಹೊಟ್ಟೆ ಹಿಡಿದು ನಕ್ಕರು. ನಾನು ಒಳಗೆ ಹೋಗದೆ ಅಲ್ಲೇ ನಿಂತೆ.

"ಮಾವ, ನಮ್ಮ ಮನೇಲಿರೋವು ಎಲ್ಲಾ ಖಾಲಿನೇ ಅಲ್ವಾ?"

"ಇಷ್ಟು ವರ್ಷ ಆದ್ಮೇಲೆ ಕೇಳ್ತಿದೀಯಲ್ಲಮ್ಮ," ಎಂದು ಮಾವ ಮೇಲೆದ್ದರು. ಅವರಿಗೆ ಇಂಥ ಪ್ರಶ್ನೆ ಎಂದರೆ ಹಬ್ಬ. ಒಂದು ಉದ್ದನೆ ಮರದ ಕಡ್ಡಿ ತಂದು, ಬಂದೂಕಿನ ಬಾಯಿಂದ ಒಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಅಂಚು ಬರುವಲ್ಲಿ ಕಡ್ಡಿಗೆ ನೂಲು ಕಟ್ಟಿದರು. ಕಡ್ಡಿಯನ್ನು ಹೊರಗೆ ತೆಗೆದು, ನೂಲು ಬಾಯಿಯ ಅಂಚಿಗೆ ಸರಿಯಾಗಿ ಬರುವಂತೆ ನಳಿಗೆಯ ಮೇಲೆ ಉದ್ದಕ್ಕೆ ಇಟ್ಟು ತೋರಿಸಿದರು. "ನೋಡು, ಕಡ್ಡಿ ತುದಿ ಬುಡದವರೆಗೆ ಬಂತಲ್ಲ, ಖಾಲಿ. ನಾಲ್ಕು ಬೆರಳು ಹಿಂದೇನೇ ನಿಂತ್ರೆ ಒಳಗೆ ಮದ್ದಿದೆ ಅಂತ ಅರ್ಥ. ಮನೆಗೆ ಬಂದ ದಿನಾನೇ ನಾನು ಎಲ್ಲದಕ್ಕೂ ಇದು ಮಾಡಿಬಿಡ್ತೀನಿ."

"ಹತ್ತೊಂಬತ್ತಕ್ಕೂ?"

ಮಾವ ನೂಲು ಬಿಚ್ಚತೊಡಗಿದರು. ಡಾಕ್ಟರು ಚಹಾದ ಲೋಟದೊಳಗೆ ನೋಡಿದರು. ಬಡಗಿ ಆ ದಿನದ ತನ್ನ ಮೊದಲ ಮಾತು ಆಡಿದ. "ಹದಿನೆಂಟಕ್ಕೆ."

ಹತ್ತೊಂಬತ್ತನೆಯದು ಮಾವನ ಕಿರೀಟ. ಆರು ವರ್ಷದ ಹಿಂದೆ ದೊಡ್ಡ ಊರಿನ ಒಬ್ಬ ದಲ್ಲಾಳಿಯಿಂದ ಬಂದದ್ದು. ಮದ್ದಿಗೆ ಕಿಡಿ ಕೊಡುವ ಕೇಪು ಇಟ್ಟು ಹೊಡೆಯುವ ಸೈನಿಕ ಬಂದೂಕು, ಮರದಲ್ಲಿ ಒಂದು ಗೀರಿಲ್ಲ. ಅದಕ್ಕೂ ಮಿಗಿಲಾಗಿ ಅದರ ಬಾಯಿಗೆ ಮರದ ಬಿರಡೆ ಜಡಿದು, ಮೇಲೆ ಕೆಂಪು ಅರಗು ಹುಯ್ದು, ಸೈನ್ಯದ ದಳದ ಮೊಹರು ಒತ್ತಿದೆ. ಅಂದರೆ ಯಾವನೋ ಸಿಪಾಯಿ ತನ್ನ ಕೊನೆಯ ಪಾಳಿ ಮುಗಿಸಿ ಉಗ್ರಾಣಕ್ಕೆ ಒಪ್ಪಿಸಿದ ದಿನದಿಂದ ಈ ಬಾಯಿಯನ್ನು ಯಾರೂ ತೆರೆದಿಲ್ಲ. ಅಂಥ ಮೊಹರು ಉಳಿದಿರುವುದು ಲಕ್ಷಕ್ಕೊಂದು ಎಂದು ಮೂವರೂ ಹೇಳುತ್ತಾರೆ. ಬೇರೆಯವರು ಮೊಹರಿನ ಹತ್ತಿರ ಮುಖ ತಂದರೆ ಮಾವ ಕೈ ಅಡ್ಡ ಹಿಡಿದು, "ಉಸಿರು ತಗುಲಬಾರದು," ಎನ್ನುತ್ತಾರೆ. ಒಂದು ಮಾರು ದೂರದಿಂದ ದರ್ಶನ.

"ಅದನ್ನ ತೆಗೆದು ನೋಡಿದ್ರೆ ಆಯ್ತಲ್ಲ ಮಾವ," ಎಂದೆ.

"ತೆಗೆದ್ರೆ ಅದು ಬರೀ ಬಂದೂಕಾಗುತ್ತೆ," ಎಂದರು ಡಾಕ್ಟರು, ನನ್ನ ಅಜ್ಞಾನಕ್ಕೆ ಮರುಗಿ.

ಆ ದಿನದಿಂದ ನನ್ನ ನೆಮ್ಮದಿ ಹೋಯಿತು. ಗಂಡನ ಹತ್ತಿರ ಹೇಳಿದೆ. ಅವರು ಮುದ್ರಣಾಲಯದಲ್ಲಿ ಕರಡು ತಿದ್ದುವವರು, ಅಲ್ಪವಿರಾಮ ತಪ್ಪಿದರೆ ಹೌಹಾರುತ್ತಾರೆ, ಮನೆಯಲ್ಲಿ ಮದ್ದು ತುಂಬಿದ ಬಂದೂಕಿರಬಹುದು ಎಂದರೆ, "ಆರು ವರ್ಷದಿಂದ ಹಾರಿಲ್ಲ, ಇನ್ನು ಹಾರುತ್ತಾ? ನೀನು ಸುಮ್ನೆ ತಲೆ ಕೆಡಿಸ್ಕೋತೀಯ," ಎಂದರು. ಹಳೆಯ ಮದ್ದು ಒಣಗಿದ್ದಷ್ಟು ದಿನವೂ ಜೀವಂತ ಎಂದು ನಾನು ಓದಿದ್ದನ್ನು ಹೇಳಿದೆ. ನಮ್ಮ ಮನೆಯಲ್ಲಿ ತೇವ ಅರವತ್ತು ದಾಟದಂತೆ ಹಗಲೂ ಇರುಳೂ ಕಾಯುವ ಒಬ್ಬರಿದ್ದಾರಲ್ಲ, ಆ ಮದ್ದಿನ ಆರೋಗ್ಯದ ಬಗ್ಗೆ ಯಾವ ಸಂಶಯವೂ ಬೇಡ.

ಮುಂದಿನ ಸಭೆಯಲ್ಲಿ ಡಾಕ್ಟರು ದೊಡ್ಡ ಸುದ್ದಿ ತಂದರು. ಮ್ಯೂಸಿಯಂನ ಶಸ್ತ್ರ ವಿಭಾಗದ ಮುಖ್ಯಸ್ಥರನ್ನು ಅವರು ಹೇಗೋ ಒಪ್ಪಿಸಿದ್ದಾರೆ. ಬರುವ ತಿಂಗಳು ಮೂವರ ಸಂಗ್ರಹವನ್ನೂ ಬಂದು ನೋಡಿ, ಚೆನ್ನಾಗಿರುವುದನ್ನು ಪ್ರದರ್ಶನಕ್ಕೆ ಆರಿಸುತ್ತಾರೆ. ಡಾಕ್ಟರು ಮುಖ್ಯಸ್ಥರ ಕಾರ್ಡನ್ನು ಮೇಜಿನ ಮೇಲೆ ಇಟ್ಟು ಸುತ್ತಲೂ ನೋಡಿದರು. ನಾನು ಲೋಟ ತೆಗೆಯುವ ನೆಪದಲ್ಲಿ ಆ ನಂಬರನ್ನು ಫೋನಿಗೆ ಹಾಕಿಕೊಂಡೆ. ಆಮೇಲೆ ನಾಲ್ಕು ಸಲ ನಂಬರಿನ ಮೇಲೆ ಬೆರಳು ಇಟ್ಟು ನಾಲ್ಕು ಸಲ ತೆಗೆದೆ. ಮುಖ್ಯಸ್ಥರನ್ನು ಈಗಲೇ ಕರೆಸಿ ಒಳಗೆ ನೋಡಿಸೋಣ ಎಂದು ಅತ್ತೆಗೆ ಹೇಳಿದಾಗ ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

"ಸವತೀರನ್ನ ನಾನು ಬೈತೀನಿ, ಅದು ಬೇರೆ. ನೀನು ಅವರ ಬೆನ್ನ ಹಿಂದೆ ಹೊರಗಿನವರನ್ನ ಕರೆಸಿದ್ರೆ ಆ ಮನುಷ್ಯ ಮತ್ತೆ ತಲೆ ಎತ್ತಲ್ಲ. ಅವರಿಗೆ ಇರೋದು ಅದೊಂದೇ ಹೆಸರು ಕಣೇ."

ಸುದ್ದಿ ಕೇಳಿ ಮಾವ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಎರಡು ದಿನ ಕೋಣೆ ಸೇರಿಕೊಂಡು ಕೂತರು. ಮೂರನೆಯ ದಿನ ಊಟದ ಹೊತ್ತಿಗೆ ಹೊರಗೆ ಬಂದು ಘೋಷಿಸಿದರು: ಗುಬ್ಬಿಯ ಐದನೇ ಹುಟ್ಟುಹಬ್ಬಕ್ಕೆ ಹತ್ತೊಂಬತ್ತನೆಯ ಬಂದೂಕನ್ನು ಅವಳಿಗೆ ಕೊಡುತ್ತೇನೆ. ಅವಳ ಕೋಣೆಯಲ್ಲಿ, ಮಂಚದ ಮೇಲಿನ ಗೋಡೆಗೆ ತೂಗುಹಾಕುತ್ತೇನೆ.

ಗುಬ್ಬಿ ಕುಣಿದಾಡಿದಳು. ಗಂಡ, "ಅಪ್ಪ, ನಿಮಗೆ ಅಷ್ಟು ಇಷ್ಟದ್ದು," ಎಂದು ಗದ್ಗದಿತರಾದರು. ಬೇರೆ ಮನೆಯ ಅಜ್ಜಂದಿರು ಗೊಂಬೆ, ಸೈಕಲ್ಲು ಎಂದು ಕ್ಷುಲ್ಲಕ ವಸ್ತುಗಳನ್ನು ಕೊಡುತ್ತಾರೆ. ನನ್ನ ಮಗಳು ಪುಣ್ಯವಂತೆ. ಅವಳ ದಿಂಬಿನಿಂದ ಎರಡೂವರೆ ಅಡಿ ಮೇಲೆ ನೂರೈವತ್ತು ವರ್ಷದ ಒಂದು ಪ್ರಶ್ನೆ ತೂಗಲಿತ್ತು.

ಮರುದಿನವೇ ಬಡಗಿ ಬಂದ. ಎರಡು ಮರದ ಕೊಕ್ಕೆಗಳನ್ನು ತಾನೇ ಕಡೆದು ತಂದಿದ್ದ, ಒಳಗೆ ಮೆತ್ತನೆ ಬಟ್ಟೆ ಅಂಟಿಸಿ. ಗೋಡೆಗೆ ರಂಧ್ರ ಕೊರೆಯುತ್ತಾ ನನ್ನ ಮುಖ ನೋಡಿ ಒಂದು ಕ್ಷಣ ನಿಲ್ಲಿಸಿದ.

"ನನ್ನ ಕೆಲಸ ಗಟ್ಟಿ ಅಕ್ಕ. ಬೀಳಲ್ಲ."

"ಬೀಳೋದಲ್ಲ ನನ್ನ ಚಿಂತೆ."

"ಗೊತ್ತು," ಎಂದು ಮತ್ತೆ ಕೊರೆಯತೊಡಗಿದ. "ಆದ್ರೆ ಅಧ್ಯಕ್ಷರಿಗೆ ಹೇಳೋರು ಯಾರು?"

ಹೇಳಿದೆ. ನಾನೇ ಹೇಳಿದೆ. ಒಳಗೆ ಏನಿದೆ ಎಂದು ನೋಡದೆ ಮಗಳ ಕೋಣೆಗೆ ಬರಕೂಡದು ಎಂದು ಭಾನುವಾರದ ಸಭೆಯಲ್ಲಿ ಎಲ್ಲರೆದುರು ಹೇಳಿದೆ. ಆಗ ಡಾಕ್ಟರು, ಕಾರ್ಯದರ್ಶಿಗೆ ತಕ್ಕ ಮುತ್ಸದ್ದಿತನದಿಂದ, ಮೊಹರನ್ನು ಮುಟ್ಟದೆ ಒಳಗೆ ನೋಡುವ ಉಪಾಯ ಸೂಚಿಸಿದರು. ಅವರ ಹತ್ತಿರ ಎಕ್ಸ್‌ರೇ ಯಂತ್ರ ಇದೆ. ಹಲ್ಲಿನದು.

ಹೀಗಾಗಿ ಒಂದು ಬುಧವಾರ ಮಧ್ಯಾಹ್ನ ಹತ್ತೊಂಬತ್ತನೆಯ ಬಂದೂಕು ನಮ್ಮ ಗುಬ್ಬಿ ಕೂಸಾಗಿದ್ದಾಗ ಹೊದೆಯುತ್ತಿದ್ದ ಹಳದಿ ಕಂಬಳಿ ಸುತ್ತಿಕೊಂಡು ಆಸ್ಪತ್ರೆಗೆ ಹೊರಟಿತು. ಕಾರಿನಲ್ಲಿ ಅದರ ಬಾಯಿ ಯಾರ ಕಡೆಗೂ ಇರಬಾರದು ಎಂದು ನಾನು ಹಟ ಹಿಡಿದೆ. ಡ್ರೈವರ್ ಕಡೆಗೆ ಬೇಡ, ರಸ್ತೆಯ ಕಡೆಗೆ ಬೇಡ, ನನ್ನ ಕಡೆಗೆ ಬೇಡ. ಕೊನೆಗೆ ಕಾರಿನ ಮಾಡಿನ ಕಡೆಗೆ ಬಾಯಿ ಮಾಡಿ ಮಾವ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ಒಬ್ಬ ರೋಗಿ, ಒಳಗೆ ಹೋಗುತ್ತಿದ್ದ ನಮ್ಮ ಮೆರವಣಿಗೆಯನ್ನೂ ಕಂಬಳಿಯಿಂದ ಇಣುಕಿದ ನಳಿಗೆಯನ್ನೂ ನೋಡಿ ಎದ್ದು ನಿಂತ. "ಪರವಾಗಿಲ್ಲ, ಈಗ ನೋವು ಕಮ್ಮಿ ಆಯ್ತು," ಎಂದು ನರ್ಸಿಗೆ ಹೇಳಿ ಹೊರಟೇಹೋದ.

ರೋಗಿಗಳ ಕುರ್ಚಿಯಲ್ಲಿ ಬಂದೂಕನ್ನು ಮಲಗಿಸಿದರು. ಡಾಕ್ಟರು ಅಭ್ಯಾಸಬಲದಿಂದ ಅದರ ಕೆಳಗೆ ಒಂದು ಟವೆಲ್ಲನ್ನೂ ಹಾಸಿದರು. ಬುಡಕ್ಕೆ ಎರಡು, ನಡುವಿಗೆ ಒಂದು, ಬಾಯಿಗೆ ಒಂದು, ಒಟ್ಟು ನಾಲ್ಕು ಚಿತ್ರ. ನಾಲ್ಕನ್ನೂ ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲಾ ಬಿಳಿ. ಸುಣ್ಣ ಬಳಿದ ಗೋಡೆಯಂಥ ಬಿಳಿ. ದವಡೆ ದಾಟಲು ಮಾಡಿದ ಕಿರಣ ಉಕ್ಕಿನ ನಳಿಗೆಯನ್ನು ದಾಟುವುದಿಲ್ಲ ಎಂಬುದು ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಏನು ಕಾಣುತ್ತೆ?" ಮಾವ ಕೇಳಿದರು.

"ಹುಳುಕು ಇಲ್ಲ," ಎಂದರು ಡಾಕ್ಟರು.

ಹುಟ್ಟುಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾನು ಆಫೀಸಿಗೆ ರಜೆ ಹಾಕಿದೆ. ಗುಬ್ಬಿ ಶಾಲೆಗೆ, ಗಂಡ ಮುದ್ರಣಾಲಯಕ್ಕೆ, ಅತ್ತೆ ಪಕ್ಕದ ಮನೆಗೆ. ಮಗಳ ಕೋಣೆಯಲ್ಲಿ ಅವಳ ಬಟ್ಟೆ ಮಡಿಸುತ್ತಾ ಕೂತಿದ್ದೆ. ಬಿಳಿ ಕೈಗವಸು ತೊಟ್ಟು, ಎರಡೂ ಕೈಯಲ್ಲಿ ಬಂದೂಕನ್ನು ಅಡ್ಡಕ್ಕೆ ಹಿಡಿದುಕೊಂಡು ಮಾವ ಬಂದರು. ನಾನು ಮಂಚಕ್ಕೂ ಅವರಿಗೂ ನಡುವೆ ನಿಂತೆ. ಮದುವೆಯಾಗಿ ಏಳು ವರ್ಷದಲ್ಲಿ ಅವರ ದಾರಿಗೆ ಅಡ್ಡ ನಿಂತದ್ದು ಅದೇ ಮೊದಲು.

"ಇಲ್ಲಿ ಬೇಡ ಮಾವ."

"ಮೊಮ್ಮಗಳಿಗೆ ಕೊಡ್ತಿರೋದಮ್ಮ, ನಿನಗಲ್ಲ."

"ಕೊಡಿ. ನಿಮ್ಮ ಕೋಣೇಲೇ ಇರ್ಲಿ, ಅವಳ ಹೆಸರು ಬರೆದು ಅಂಟಿಸಿ. ಆರು ವರ್ಷ ಅಲ್ಲೇ ಇತ್ತಲ್ಲ, ಈಗ ಯಾಕೆ ಇಲ್ಲಿಗೆ ಬರ್ಬೇಕು? ಬರೋ ತಿಂಗಳು ಮ್ಯೂಸಿಯಂನವರು ಬಂದ್ರೆ ಮೊದಲು ತೋರಿಸ್ಬೇಕಾಗಿದ್ದು ಇದೇ ಅಲ್ವಾ?"

ಮಾವನ ಕಣ್ಣು ನನ್ನ ಮುಖ ಬಿಟ್ಟು, ಗೋಡೆಯ ಕೊಕ್ಕೆ ಬಿಟ್ಟು, ನೆಲದ ಮೇಲಿದ್ದ ಗುಬ್ಬಿಯ ಚಪ್ಪಲಿಯ ಮೇಲೆ ನಿಂತಿತು. ನನಗೆ ಆಗ ಹೊಳೆಯಿತು.

"ಅವರು ನೋಡಬಾರದು ಅಂತಾನೇ ಇಲ್ಲಿ ಇಡ್ತಿದೀರಾ?"

ಗುಬ್ಬಿಯ ಪುಟ್ಟ ಕುರ್ಚಿಯ ಮೇಲೆ ಅವರು ಕುಸಿದು ಕೂತರು. ಮೊಣಕಾಲು ಎದೆಯ ಮಟ್ಟಕ್ಕೆ ಬಂತು. ಬಂದೂಕನ್ನು, ಬಾಯಿ ಹೊರಗೋಡೆಯ ಕಡೆ ಇರುವಂತೆ, ಎಚ್ಚರದಿಂದ ನೆಲದ ಮೇಲೆ ಮಲಗಿಸಿದರು. ಜೇಬಿನಿಂದ ಭೂತಗನ್ನಡಿ ತೆಗೆದು ನನಗೆ ಕೊಟ್ಟರು.

"ನೋಡು. ಪಕ್ಕದಿಂದ, ಎದುರಿಗೆ ಬೇಡ. ಮೊಹರಿನ ಎಡಗಡೆ ಅಂಚು."

ಬಗ್ಗಿ ನೋಡಿದೆ. ಕೆಂಪು ಅರಗಿನ ಅಂಚಿನಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಒಂದು ಎಳೆ. ನೀಲಿ ಬಣ್ಣದ್ದು, ಮಿಣಮಿಣ ಹೊಳೆಯುವಂಥದ್ದು. ನಾವು ಸಾಮಾನು ಕಟ್ಟುವ ಹಗ್ಗದ್ದು, ನಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗದ್ದು.

"ನೈಲಾನ್," ಎಂದರು ಮಾವ. "ಮನೆಗೆ ತಂದ ವಾರದಲ್ಲೇ ಕಂಡಿತ್ತು. ಆ ಸಿಪಾಯಿ ಕಾಲದಲ್ಲಿ ನೈಲಾನ್ ಎಲ್ಲಿತ್ತು. ಯಾವನೋ ಈಚೆಗೆ ಮಾಡಿದ್ದು. ಅಷ್ಟರಲ್ಲಿ ಡಾಕ್ಟ್ರು ಬಂದು ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡು ನನ್ನನ್ನ ಅಧ್ಯಕ್ಷ ಮಾಡಿಬಿಟ್ಟಿದ್ರು."

ಉಸಿರು ತಗುಲಬಾರದು ಎಂದು ಆರು ವರ್ಷ ಕೈ ಅಡ್ಡ ಹಿಡಿದದ್ದು ಇದಕ್ಕೆ. ಊರಿನವರ ಕಣ್ಣಿನ ದೋಷವನ್ನೆಲ್ಲ ಸರಿಮಾಡಿದ ಮನುಷ್ಯ, ತನ್ನ ಇಬ್ಬರೇ ಇಬ್ಬರು ಗೆಳೆಯರನ್ನು ಒಂದು ಮಾರು ದೂರದಲ್ಲಿ ನಿಲ್ಲಿಸಿ, ಮಬ್ಬಾಗಿ ನೋಡುವಂತೆ ಮಾಡಿದ್ದರು. ನಗು ಬರಬೇಕಿತ್ತು. ಬೇರೆ ಯಾರ ಮನೆಯ ಕಥೆಯಾಗಿದ್ದರೂ ನಗುತ್ತಿದ್ದೆ.

"ಮಾವ, ಸಿಪಾಯಿ ಮುಚ್ಚಿದ್ದು ಅಂದ್ರೆ ಖಾಲಿ ಮಾಡಿ ಮುಚ್ಚಿರ್ತಾನೆ ಅಂತ ಅಂದ್ಕೋಬಹುದಿತ್ತು. ಇವನು ಯಾವನೋ ಮೋಸಗಾರ. ಒಳಗೆ ಏನಿತ್ತು, ನೋಡಿದ್ನೋ ಇಲ್ವೋ, ಅವನಿಗೇ ಗೊತ್ತು. ಇದನ್ನ ಗುಬ್ಬಿ ತಲೆ ಮೇಲೆ ನೇತುಹಾಕ್ತಿದ್ರಿ. ನಿಮ್ಮ ಹೆಸರು ಉಳೀಲಿ ಅಂತ."

ಇದನ್ನು ಹೇಳುವಾಗ ನನ್ನ ದನಿ ಏರಿರಲಿಲ್ಲ. ಏರಿದ್ದರೆ ಅವರಿಗೆ ಕಿವಿ ಮುಚ್ಚಿಕೊಳ್ಳುವ ಅನುಕೂಲವಾದರೂ ಇರುತ್ತಿತ್ತು.

"ಹಾಗೆ ಯೋಚಿಸಿರಲಿಲ್ಲ," ಎಂದರು. "ಮೊಹರಿನ ಬಗ್ಗೆ ಮಾತ್ರ ಯೋಚಿಸಿದ್ದೆ. ಒಳಗಿನದು ತಲೆಗೇ ಬರಲಿಲ್ಲ ಕಣಮ್ಮ."

ನಿಜವಿರಬೇಕು. ಅಷ್ಟು ಪೆದ್ದಾದ ಸುಳ್ಳನ್ನು ಯಾರೂ ಕಟ್ಟಿ ಹೇಳಲಾರರು. ಅವರ ಕೈಗವಸಿನ ಬೆರಳುಗಳು ತೊಡೆಯ ಮೇಲೆ ಸುಮ್ಮನೆ ಒಂದನ್ನೊಂದು ಒರೆಸುತ್ತಿದ್ದವು.

ನಾನು ಫೋನ್ ತೆಗೆದೆ. ಅವರಿಗೆ ಕಾಣುವಂತೆ, ಅವರ ಎದುರಿಗೇ, ಮ್ಯೂಸಿಯಂ ಮುಖ್ಯಸ್ಥರ ನಂಬರಿನ ಮೇಲೆ ಬೆರಳು ಒತ್ತಿದೆ. ಬೇಡ ಎನ್ನುತ್ತಾರೇನೋ ಎಂದು ಮೂರು ಸಲ ರಿಂಗಾಗುವವರೆಗೂ ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಬಗ್ಗಿ ಗುಬ್ಬಿಯ ಚಪ್ಪಲಿಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು.

ಆ ಕಡೆಯ ದನಿ ಅವಸರದ್ದು. ಯಾರು, ಎಲ್ಲಿಂದ ಎಂದು ಹೇಳಿ, ಮನೆಯಲ್ಲಿ ಬಾಯಿ ಮುಚ್ಚಿದ ಒಂದು ಹಳೆಯ ಬಂದೂಕಿದೆ, ಒಳಗೆ ಮದ್ದಿದೆಯೋ ಇಲ್ಲವೋ ಗೊತ್ತಿಲ್ಲ, ಚಿಕ್ಕ ಮಗುವಿದೆ ಎಂದೆ. ದನಿಯ ಅವಸರ ಇಳಿಯಿತು.

"ಈಗ ಎಲ್ಲಿದೆ ಅದು?"

"ನೆಲದ ಮೇಲೆ. ಬಾಯಿ ಗೋಡೆ ಕಡೆ."

"ಹಾಗೇ ಇರ್ಲಿ, ಯಾರೂ ಮುಟ್ಬೇಡಿ. ಮಗು ಆ ಕೋಣೆಗೆ ಬರೋದು ಬೇಡ. ಬಾಯಿ ಏನಿಂದ ಮುಚ್ಚಿದೆ?"

"ಮರದ ಬಿರಡೆ. ಮೇಲೆ ಅರಗು, ಮೊಹರು."

ಆ ಕಡೆ ಒಂದು ನಿಟ್ಟುಸಿರು. "ನೋಡಿ ಮೇಡಂ, ಅದು ಅಸಲಿ ಮೊಹರು ಅಂದ್ರೆ ನಾನು ಒಡೆಯೋ ಹಾಗಿಲ್ಲ. ಸಮಿತಿ ಕೂರ್ಬೇಕು, ಒಪ್ಪಿಗೆ ಸಿಗ್ಬೇಕು, ಮೂರು ತಿಂಗಳಾದ್ರೂ ಹಿಡಿಯುತ್ತೆ. ಈಚಿನದು ಅಂದ್ರೆ ಇವತ್ತೇ ಮಧ್ಯಾಹ್ನ ಬಂದು ತೆಗೆದು ನೋಡ್ತೀನಿ. ಆದ್ರೆ ಅದನ್ನ ಗೊತ್ತಿರೋರು ಹೇಳ್ಬೇಕು, ನನಗೆ ಒಂದು ಹೆಸರು ಬೇಕು. ಅಸಲಿಯಾ, ಅಲ್ವಾ?"

ಫೋನನ್ನು ಕಿವಿಯಿಂದ ತೆಗೆದು, ಅವರು ಕೇಳಿದ್ದನ್ನು ಕೇಳಿದ ಹಾಗೆಯೇ ಮಾವನಿಗೆ ಹೇಳಿದೆ. ಮಾವ ಬಲಗೈಯ ಬಿಳಿ ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚಿದರು. ಮಡಿಸಿ ಜೇಬಿಗಿಟ್ಟರು. ಬರಿಗೈ ಚಾಚಿ ಫೋನ್ ತೆಗೆದುಕೊಂಡರು.

"ಸಂಘದ ಅಧ್ಯಕ್ಷ ಮಾತಾಡ್ತಿರೋದು," ಎಂದರು. "ನಕಲಿ. ನಾನೇ ನೋಡಿದೀನಿ, ಬೇಕಾದ್ರೆ ಬರೆದೂ ಕೊಡ್ತೀನಿ. ವಿಳಾಸ ಹೇಳ್ತೀನಿ, ಬರ್ಕೊಳ್ಳಿ."